ಇಗರ್ಜಿ ಯಾತ್ರೆಗೆ ಹೊರಡುವವರಿಗೆ ಒಬ್ಬ ಮಲ್ಲಿಗೆಯವಳ ಮಾತು

ಜನವರಿ ಬಂತೆಂದರೆ ಉಡುಪಿ ಹತ್ತಿರದ ನಮ್ಮ ಶಂಕರಪುರದ ಮಲ್ಲಿಗೆ ಗಿಡಗಳು ಮುಷ್ಕರ ಹೂಡುತ್ತವೆ. ಏಪ್ರಿಲ್‌ನಲ್ಲಿ ಬುಟ್ಟಿ ತುಂಬಿ ಚೆಲ್ಲುವಷ್ಟು ಮೊಗ್ಗು ಕೊಟ್ಟ ಅದೇ ಗಿಡಗಳು ಚಳಿಯಲ್ಲಿ ಒಂದು ಚೆಂಡು ಹೂವಿಗೂ ನಮ್ಮನ್ನು ಕಾಡಿಸುತ್ತವೆ. ಹೊರಗಿನವರಿಗೆ ಲೆಕ್ಕ ಹೇಳುತ್ತೇನೆ: ನಮ್ಮಲ್ಲಿ 800 ಹೂವು ಸೇರಿದರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಗಿಡದಲ್ಲಿ ಹೂವಿಲ್ಲದ ಕಾಲಕ್ಕೇ ಅಟ್ಟೆಯ ಬೆಲೆ ಏರುತ್ತದೆ, ಮಾರಲು ನಮ್ಮ ಬುಟ್ಟಿಯಲ್ಲಿ ಏನೂ ಇರುವುದಿಲ್ಲ. ಆ ಬಿಡುವಿನಲ್ಲಿ ನಾನು ಪ್ರತಿವರ್ಷ ಒಂದು ಟೆಂಪೊ ಗೊತ್ತುಮಾಡಿ, ನಮ್ಮ ವಾಡೆಯ ಹತ್ತು ಹನ್ನೆರಡು ಹೆಂಗಸರನ್ನು ಕೂರಿಸಿಕೊಂಡು ಇಗರ್ಜಿಗಳ, ಅಂದರೆ ಚರ್ಚುಗಳ, ಯಾತ್ರೆಗೆ ಹೊರಡುತ್ತೇನೆ. ವಾಡೆಯೆಂದರೆ ಒಂದು ಇಗರ್ಜಿಗೆ ಸೇರಿದ ಕೇರಿ. ನಾನು ಅದರ ಗುರಿಕಾರ್ತಿ, ಅಂದರೆ ಮದುವೆಯಿಂದ ಮಣ್ಣಿನವರೆಗೆ ಎಲ್ಲರ ಮನೆಯ ವಿಚಾರಕ್ಕೂ ತಲೆಹಾಕಲು ಪರವಾನಗಿ ಪಡೆದವಳು.

ಮೊದಲ ವರ್ಷ ನಾವು ಒಂದೇ ದಿನದಲ್ಲಿ ಹನ್ನೊಂದು ಇಗರ್ಜಿ ಮುಗಿಸಿದೆವು. ಮುಗಿಸಿದೆವು ಎಂಬುದೇ ಸರಿಯಾದ ಪದ. ರಾತ್ರಿ ಮನೆಗೆ ಬಂದು ಕಾಲು ಚಾಚಿದಾಗ ಯಾವ ಇಗರ್ಜಿಯಲ್ಲಿ ಯಾವ ಸಂತರಿದ್ದರೆಂದು ಒಬ್ಬರಿಗೂ ನೆನಪಿರಲಿಲ್ಲ. ಶೌಚಾಲಯ ಎಲ್ಲಿ ಚೊಕ್ಕವಾಗಿತ್ತೆಂಬುದು ಮಾತ್ರ ಎಲ್ಲರಿಗೂ ನೆನಪಿತ್ತು.

ಈಗ ನನ್ನ ಕ್ರಮ ಬೇರೆ. ಒಂದು ದಿನ ಕಾರ್ಕಳದ ಹತ್ತಿರದ ಅತ್ತೂರು, ಅದೊಂದೇ. ಇನ್ನೊಂದು ದಿನ ಮಂಗಳೂರು, ಅಲ್ಲಿಯೂ ಆರೇಳು ಜಾಗಕ್ಕಿಂತ ಹೆಚ್ಚಿಲ್ಲ. ಒಳಗೆ ಎಷ್ಟು ಹೊತ್ತು ಮೊಣಕಾಲೂರುತ್ತೀರೋ ಅಷ್ಟೇ ಹೊತ್ತು ಹೊರಗೆ ಮರದ ನೆರಳಲ್ಲಿ ಕೂರಬೇಕು. ಇದು ಟೆಂಪೊ ಹತ್ತುವ ಮೊದಲೇ ನಾನು ಹಾಕುವ ಷರತ್ತು. ದುಡ್ಡು ಕೂಡಿದರೆ ಗೋಡೆ ಒಂದೆರಡು ವರ್ಷದಲ್ಲಿ ಏಳುತ್ತದೆ, ನೆರಳು ಕೊಡುವ ಮರ ಏಳಲು ಒಂದು ತಲೆಮಾರು ಬೇಕು. ಒಂದು ಊರಿನ ಭಕ್ತರು ಎಂಥವರೆಂದು ನಾನು ಅವರ ಇಗರ್ಜಿಯ ತೋಟ ನೋಡಿಯೇ ಅಳೆಯುತ್ತೇನೆ. ಗೋಪುರಕ್ಕೆ ಹೊಸ ಬಣ್ಣ ಬಳಿದು ಅಂಗಳಕ್ಕೆಲ್ಲ ಸಿಮೆಂಟಿನ ಇಂಟರ್‌ಲಾಕ್ ಹಾಸಿದ್ದರೆ ನನಗೆ ಅಲ್ಲಿ ಅರ್ಧ ಪ್ರಾರ್ಥನೆಯೇ ಬರುತ್ತದೆ.

ಹೊರಡುವ ದಿನ, ಒಯ್ಯುವ ಹೂವು

ಜನವರಿ 14ರ ಆಸುಪಾಸಿನಲ್ಲಿ ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಹಬ್ಬ, ತಿಂಗಳ ಕೊನೆಗೆ ಅತ್ತೂರಿನ ಸಂತ ಲಾರೆನ್ಸರ ಸಾಂತ್‌ಮಾರಿ ಜಾತ್ರೆ. ಜನಸಾಗರ, ಬ್ಯಾಂಡು, ಸಂತೆ, ಮೊಂಬತ್ತಿಯ ಹೊಗೆ ಇವೆಲ್ಲ ಬೇಕೆನ್ನುವವರು ಹಬ್ಬದ ದಿನವೇ ಹೋಗಿ. ಒಮ್ಮೆಯಾದರೂ ಹೋಗಬೇಕು, ನಾನೂ ಹೋಗಿದ್ದೇನೆ. ಕುಳಿತು ನೋಡುವ ಆಸೆಯಿದ್ದರೆ ಎರಡೂ ಹಬ್ಬ ಕಳೆದ ಮೇಲೆ, ಫೆಬ್ರವರಿಯ ಮೊದಲ ವಾರದಲ್ಲಿ, ಮಂಗಳವಾರವೋ ಬುಧವಾರವೋ ಹೊರಡಿ. ಭಾನುವಾರ ಬೇಡ, ಬೆಳಿಗ್ಗೆ ಒಂದರ ಹಿಂದೆ ಒಂದು ಬಲಿಪೂಜೆ (ಮಾಸ್) ಇರುತ್ತದೆ. ಗುರುವಾರ ಬಿಕರ್ನಕಟ್ಟೆ ಬೇಡ, ಅದು ಬಾಲಯೇಸುವಿನ ವಾರ.

ಹೂವಿನ ವಿಷಯದಲ್ಲಿ ನನಗೆ ಮಾತು ಉದ್ದ, ಸಹಿಸಿಕೊಳ್ಳಿ. ನಮ್ಮ ಪಕ್ಕದ ಮನೆಯ ಬಂಟರ ಅಕ್ಕ ಹಿಂದೂ, ಆದರೂ ನಮ್ಮ ಯಾತ್ರೆ ತಪ್ಪಿಸಿದವರಲ್ಲ. ಒಂದು ವರ್ಷ ನನ್ನ ಮಂಡಿನೋವಿನಿಂದಾಗಿ ಪ್ರವಾಸ ಮಾರ್ಚ್‌ಗೆ ಮುಂದೆ ಹೋಯಿತು. ಅಕ್ಕ ಸಂತೋಷದಿಂದ ಪೂರ್ತಿ ಒಂದು ಅಟ್ಟೆ ಮಲ್ಲಿಗೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ತಂದಿದ್ದರು, ಬಲಿಪೀಠಕ್ಕೆಂದು. ಇಗರ್ಜಿಯನ್ನು ನೋಡಿಕೊಳ್ಳುವವರು ಕೈಮುಗಿದು, ಈಗ ಬಲಿಪೀಠಕ್ಕೆ ಹೂವಿಲ್ಲ ಎಂದರು. ಅಕ್ಕನ ಮುಖ ಸಣ್ಣದಾಯಿತು, ತಮ್ಮ ಹೂವೆಂಬ ಕಾರಣಕ್ಕೆ ಬೇಡವಾಯಿತೇ ಎಂದು. ತಪ್ಪು ನನ್ನದು, ಮೊದಲೇ ಹೇಳಬೇಕಿತ್ತು. ತಪಸ್ಸುಕಾಲದ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮೊದಲಿನ ಉಪವಾಸ-ಪ್ರಾರ್ಥನೆಯ, ನಲವತ್ತು ದಿನ ನಾವು ಬಲಿಪೀಠವನ್ನು ಹೂವಿನಿಂದ ಸಿಂಗರಿಸುವುದಿಲ್ಲ. ನಾಲ್ಕನೆಯ ಭಾನುವಾರ ಮತ್ತು ನಡುವೆ ಬರುವ ದೊಡ್ಡ ಹಬ್ಬಗಳಿಗೆ ಮಾತ್ರ ವಿನಾಯಿತಿ. ಪಾಸ್ಕ ಹಬ್ಬದ ಹಿಂದಿನ ರಾತ್ರಿಯವರೆಗೆ ಆ ಬೋಳು ಮೇಜೇ ಒಂದು ಉಪದೇಶ. ಹೂವು ಬೆಳೆಯುವವಳಾಗಿ ನನಗೆ ಅದು ಹೊಟ್ಟೆಯ ಮೇಲಿನ ಏಟು, ಯಾಕೆಂದರೆ ನಮ್ಮ ಗಿಡಗಳು ತುಂಬಿ ಬರುವುದೂ ಅದೇ ಹೊತ್ತಿಗೆ. ಆದರೂ ಆ ನಿಯಮ ಮಾಡಿದವರ ಮೇಲೆ ನನಗೆ ಗೌರವವಿದೆ. ಹಸಿದ ಮೇಲೆ ಊಟಕ್ಕೆ ರುಚಿ.

ತಪಸ್ಸುಕಾಲವನ್ನು ಆರಂಭಿಸುವ ಬೂದಿ ಬುಧವಾರ ಫೆಬ್ರವರಿ 4ರಿಂದ ಮಾರ್ಚ್ 10ರ ನಡುವೆ ಯಾವತ್ತಾದರೂ ಬೀಳಬಹುದು. ಹೂವು ಒಯ್ಯುವ ಮನಸ್ಸಿದ್ದರೆ ಕ್ಯಾಲೆಂಡರ್ ನೋಡಿಕೊಂಡು ದಿನ ಗೊತ್ತುಮಾಡಿ. ಬೇರೆ ದಿನಗಳಲ್ಲಿಯೂ ನೀವೇ ಹೋಗಿ ಬಲಿಪೀಠದ ಮೇಲೆ ಇಡಬೇಡಿ, ಅಲ್ಲಿರುವವರ ಕೈಗೆ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಮಲ್ಲಿಗೆ ಬೆವರಿ ಕಂದುತ್ತದೆ. ಬಾಳೆನಾರಿನಲ್ಲಿ ಕಟ್ಟಿ, ಬಾಳೆಯೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹಾಕಿದರೆ ಸಂಜೆಯವರೆಗೆ ನಗುತ್ತಿರುತ್ತದೆ.

ಇತರ ಧರ್ಮದವರು ಜೊತೆಗಿದ್ದರೆ ಇನ್ನೊಂದು ಮಾತನ್ನೂ ಟೆಂಪೊದಲ್ಲಿಯೇ ಹೇಳಿಬಿಡಿ. ಬಲಿಪೂಜೆಯಲ್ಲಿ ಎಲ್ಲರೂ ಕೂರಬಹುದು. ಪರಮಪ್ರಸಾದಕ್ಕೆ, ಅಂದರೆ ಯೇಸುವಿನ ಶರೀರವೆಂದು ನಾವು ಸ್ವೀಕರಿಸುವ ರೊಟ್ಟಿಗೆ, ಸಾಲು ಹೊರಟಾಗ ಮಾತ್ರ ಕುಳಿತಲ್ಲಿಯೇ ಇರಬೇಕು, ಅದು ಹಂಚುವ ಪ್ರಸಾದದಂಥದ್ದಲ್ಲ. ಬಲಿಪೀಠದ ಬಳಿ ಸಣ್ಣ ದೀಪ, ಸಾಮಾನ್ಯವಾಗಿ ಕೆಂಪು ಗಾಜಿನದು, ಉರಿಯುತ್ತಿದ್ದರೆ ಪೆಟ್ಟಿಗೆಯಲ್ಲಿ ಪರಮಪ್ರಸಾದ ಇದೆಯೆಂದು ಅರ್ಥ. ಅಂಥಲ್ಲಿ ದನಿ ತಗ್ಗಿಸಿ. ಚಪ್ಪಲಿಯ ಬಗ್ಗೆ ಒಂದೇ ನಿಯಮವಿಲ್ಲ, ಬಾಗಿಲಲ್ಲಿ ಜೋಡಿಗಳು ಸಾಲಾಗಿದ್ದರೆ ನೀವೂ ಬಿಡಿ.

ಅತ್ತೂರು: ಏಳಲೊಪ್ಪದ ಸಂತ

ಬೆಳಿಗ್ಗೆ ಇರುವ ಹೂವನ್ನು ಕೊಯ್ದು, ಕಟ್ಟಿ, ಹೂವು ಮಾರುವ ಕಟ್ಟೆಗೆ ಮುಟ್ಟಿಸಿ ಒಂಬತ್ತಕ್ಕೆ ಹೊರಡುತ್ತೇವೆ. ಶಿರ್ವದ ಆರೋಗ್ಯಮಾತೆಗೆ ಟೆಂಪೊದಲ್ಲಿಯೇ ಕೈಮುಗಿದು, ಬೆಳ್ಮಣ್ ದಾಟಿ ನಿಟ್ಟೆಯ ಕಡೆಯಿಂದ ಅತ್ತೂರು. ಬಸ್ಸಿನಲ್ಲಿ ಬರುವವರು ಕಾರ್ಕಳಕ್ಕೆ ಬಂದು ಅಲ್ಲಿಂದ ಬೇರೆ ಬಸ್ಸನ್ನೋ ರಿಕ್ಷಾವನ್ನೋ ಹಿಡಿಯಬಹುದು.

ಇಲ್ಲಿನ ಕಥೆಯನ್ನು ಗೊತ್ತಿಲ್ಲದೆ ನೋಡಿದರೆ ಇದು ಒಂದು ದೊಡ್ಡ ಇಗರ್ಜಿ, ಅಷ್ಟೆ. ಅತ್ತೂರಿನ ಮೊದಲ ಇಗರ್ಜಿ ಎದ್ದದ್ದು 1759ರಲ್ಲಿ, ಈಗಿನ ಜಾಗದಲ್ಲಲ್ಲ. 1784ರ ಬೂದಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ಮರಳಿದರು. ಹಾಗೆ ಮರಳಿದವರು ಸಂತ ಲಾರೆನ್ಸರ ಒಂದು ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಇಗರ್ಜಿಗೆ ಜಾಗ ಹುಡುಕುತ್ತಾ ಬಂದು, ಪರ್ಪಲೆ ಗುಡ್ಡೆಯ ಬುಡದಲ್ಲಿ ನೀರು ಕಂಡು ದಣಿವಾರಿಸಲು ಕುಳಿತರಂತೆ. ಹೊರಡುವಾಗ ನೆಲಕ್ಕಿಟ್ಟ ಪ್ರತಿಮೆ ಎತ್ತಿದರೆ ಏಳಲೊಲ್ಲದು. ಇಲ್ಲಿಯೇ ನಿನಗೆ ಮನೆ ಕಟ್ಟುತ್ತೇವೆಂದು ಗುರುಗಳು ಹರಕೆ ಹೊತ್ತ ಮೇಲೆ ಹಗುರಾಯಿತು. ಅಜ್ಜಿ ಹೇಳಿದ ಕಥೆ ಇದು, ಅತ್ತೂರಿನವರು ಹೇಳುವುದೂ ಇದನ್ನೇ. ನನಗೆ ಇದರಲ್ಲಿ ಇಷ್ಟವಾಗುವುದು ಪವಾಡಕ್ಕಿಂತ ಸಂತನ ಬುದ್ಧಿ. ನೀರು ಇರುವ ಜಾಗವನ್ನೇ ನೋಡಿ ಕುಳಿತ. ಹದಿನೈದು ವರ್ಷ ಸೆರೆಯಲ್ಲಿದ್ದು ಬಂದ ಜನಕ್ಕೆ ಗದ್ದೆ ಬೇಕು, ಗದ್ದೆಗೆ ನೀರು ಬೇಕು.

ಆ ನೀರು ಈಗಲೂ ಇದೆ, ಅದನ್ನು ಪುಷ್ಕರಿಣಿ ಎನ್ನುತ್ತೇವೆ. ಇಗರ್ಜಿಗೆ ಪುಷ್ಕರಿಣಿಯೇ ಎಂದು ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಹುಬ್ಬೇರಿಸಿದ್ದರು. ತುಳುನಾಡಿನಲ್ಲಿ ದೇವರ ಪಕ್ಕದ ನೀರಿಗೆ ಬೇರೆ ಹೆಸರನ್ನು ಎಲ್ಲಿಂದ ತರುವುದು? ನೀವು ಮೊದಲು ಇಲ್ಲಿಗೆ ಬನ್ನಿ, ಇಗರ್ಜಿಯ ಒಳಗೆ ಆಮೇಲೆ. ಮುಖ ತೊಳೆದು, ಒಂದು ಸಣ್ಣ ಬಾಟಲಿಯಲ್ಲಿ ನೀರು ತುಂಬಿಕೊಂಡು, ಸದ್ದಿಲ್ಲದೆ ಹತ್ತು ನಿಮಿಷ ಕೂರಿ. ಇಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಬರುತ್ತಾರೆ, ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಒಯ್ದ ನೀರನ್ನು ಅಕ್ಕ ತಮ್ಮ ತುಳಸಿಕಟ್ಟೆಗೆ ಒಂದು ಚಮಚ ಹಾಕುತ್ತಾರೆ, ನಾನು ಮಲ್ಲಿಗೆಯ ಬುಡಕ್ಕೆ.

ಲಾರೆನ್ಸರು ರೋಮಿನ ಸೇವಾಪಾಲಕರು (ಡೀಕನ್), ಕ್ರಿ.ಶ. 258ರಲ್ಲಿ ಹುತಾತ್ಮರಾದವರು. ಇಗರ್ಜಿಯ ಖಜಾನೆ ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ ಊರಿನ ಬಡವರು, ಕುಂಟರು, ವಿಧವೆಯರನ್ನು ಕರೆದುತಂದು, ಇವರೇ ನಮ್ಮ ಖಜಾನೆ ಎಂದರಂತೆ. ಅದಕ್ಕಾಗಿ ಅವರನ್ನು ಕಬ್ಬಿಣದ ಜಾಲರಿಯ ಮೇಲೆ ಸುಟ್ಟರೆಂದು ಪರಂಪರೆ ಹೇಳುತ್ತದೆ. ಪ್ರತಿಮೆಯ ಕೈಯಲ್ಲಿ ಒಲೆಯ ಜಾಲರಿಯಂಥದ್ದು ಕಂಡರೆ, ಇದೇಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಜಾತ್ರೆ ಜನವರಿಯಲ್ಲಾದರೂ ಸಂತನ ನಿಜವಾದ ಹಬ್ಬ ಆಗಸ್ಟ್ 10. ನಮ್ಮ ಆಗಸ್ಟಿನ ಮಳೆಯಲ್ಲಿ ಜಾತ್ರೆ ಮಾಡುವುದು ಹೇಗೆ? 2016ರಲ್ಲಿ ಈ ಕ್ಷೇತ್ರವನ್ನು ಕಿರಿಯ ಬಸಿಲಿಕವೆಂದು ಘೋಷಿಸಿದರು, ಅದು ಪೋಪರ ಕಡೆಯಿಂದ ಬರುವ ಗೌರವದ ಪದವಿ. ರಾಜ್ಯದಲ್ಲಿ ಅದಕ್ಕೆ ಮೊದಲು ಆ ಪದವಿ ಇದ್ದದ್ದು ಬೆಂಗಳೂರು ಶಿವಾಜಿನಗರದ ಸಂತ ಮೇರಿಯಮ್ಮನ ಇಗರ್ಜಿಗೆ.

ಮೊಂಬತ್ತಿ ಹಚ್ಚುವುದು ಅದಕ್ಕೆಂದೇ ಇಟ್ಟ ಜಾಗದಲ್ಲಿ ಮಾತ್ರ. ರೇಷ್ಮೆ ಸೀರೆ ಉಟ್ಟು ಬರಬೇಡಿ, ಪಕ್ಕದವರ ಮೇಣ ಸಿಡಿದರೆ ಆ ಸೀರೆ ಮುಗಿಯಿತು. ಇದು ಅನುಭವದ ಮಾತು. ಮಧ್ಯಾಹ್ನಕ್ಕೆ ಬುತ್ತಿಯೇ ಒಳ್ಳೆಯದು, ನಾವು ಇಡ್ಲಿಯಂಥ ಸಾನ್ನ ಮತ್ತು ಕಡಲೆ ಗಸಿ ಒಯ್ಯುತ್ತೇವೆ. ಉಂಡು, ಮರದಡಿ ಅರ್ಧ ತಾಸು ತೂಕಡಿಸಿ. ಪ್ರಾರ್ಥನೆಯಲ್ಲಿ ನಿದ್ದೆ ಬಂದರೆ ಯೇಸುವಿನ ಶಿಷ್ಯರಿಗೂ ಬಂದಿತ್ತೆಂದು ಸಮಾಧಾನ ಮಾಡಿಕೊಳ್ಳಬಹುದು.

ಪಾದದ ಮೇಲಿನ ಗುಲಾಬಿ

ದಾರಿಯಲ್ಲಿ ಯಾವ ಇಗರ್ಜಿಯ ಮುಂದೆ ನಿಂತರೂ ನಾನು ಮೊದಲು ಹುಡುಕುವುದು ಗ್ರೊಟ್ಟೊ, ಅಂದರೆ ಮಾತೆಯ ಗುಹೆ. ಫ್ರಾನ್ಸಿನ ಲೂರ್ದಿನಲ್ಲಿ 1858ರ ಫೆಬ್ರವರಿ 11ರಂದು ಬರ್ನದೆತ್ತ ಎಂಬ ಬಡ ಹುಡುಗಿ ಸೌದೆ ಆರಿಸಲು ಹೋದಾಗ ಗುಹೆಯಲ್ಲಿ ಮಾತೆ ಮರಿಯಮ್ಮನನ್ನು ಕಂಡಳು. ಆ ಗುಹೆಯ ಸಣ್ಣ ಮಾದರಿ ನಮ್ಮ ಬಹುತೇಕ ಇಗರ್ಜಿಗಳ ಅಂಗಳದ ಮೂಲೆಯಲ್ಲಿದೆ. ಕೆಲವು ಕಡೆ ಮುರಕಲ್ಲಿನದು, ಕೆಲವು ಕಡೆ ಸಿಮೆಂಟನ್ನು ಬಂಡೆಯಂತೆ ಮೆತ್ತಿದ್ದು. ನನಗೆ ಮುರಕಲ್ಲಿನದೇ ಇಷ್ಟ, ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಸಂದುಗಳಲ್ಲಿ ಜರೀಗಿಡ ತಾನಾಗಿ ಬರುತ್ತದೆ, ಮಾಲಿ ಬೇಕಾಗುವುದಿಲ್ಲ.

ಹತ್ತಿರ ಹೋಗಿ ಮಾತೆಯ ಪಾದ ನೋಡಿ. ಎರಡೂ ಪಾದಗಳ ಮೇಲೆ ಒಂದೊಂದು ಹಳದಿ ಗುಲಾಬಿ ಇತ್ತೆಂದು ಬರ್ನದೆತ್ತ ಹೇಳಿದ್ದಳು. ಬಣ್ಣ ಬಳಿಯುವವರು ಅದನ್ನು ಮರೆತು ಕೆಂಪು ಮಾಡಿರುತ್ತಾರೆ, ಕೆಲವೊಮ್ಮೆ ಪಾದದ ಜೊತೆಗೇ ಬಳಿದುಬಿಟ್ಟಿರುತ್ತಾರೆ. ಹಳದಿ ಉಳಿಸಿಕೊಂಡ ಗ್ರೊಟ್ಟೊ ಕಂಡರೆ ನಾನು ಒಂದು ಮೊಳ ಮಲ್ಲಿಗೆ ಹೆಚ್ಚು ಕೊಡುತ್ತೇನೆ. ನಮ್ಮ ಹೆಂಗಸರಿಗೆ ಇದು ಈಗ ಒಂದು ಆಟ, ಯಾರು ಮೊದಲು ಹಳದಿ ಗುಲಾಬಿ ಕಾಣುತ್ತಾರೋ ಅವರಿಗೆ ಸಂಜೆಯ ಚಹಾ ಪುಕ್ಕಟೆ.

ಮಂಗಳೂರು: ಹತ್ತಲು ರಿಕ್ಷಾ, ಇಳಿಯಲು ಕಾಲು

ಮಂಗಳೂರಿನ ಯಾತ್ರೆಯೆಂದರೆ ಗುಡ್ಡಗಳ ಲೆಕ್ಕ. ಪ್ರತಿ ಪವಿತ್ರಸ್ಥಳವೂ ಒಂದು ಏರಿನ ಮೇಲಿದೆಯೆಂದು ನನ್ನ ಮಂಡಿ ಹೇಳುತ್ತದೆ. ಏರು ಇರುವಲ್ಲಿ ರಿಕ್ಷಾ ಹಿಡಿಯಿರಿ, ಇಳಿಜಾರಿನಲ್ಲಿ ನಡೆಯಿರಿ. ಉಡುಪಿಯಿಂದ ಬಸ್ಸಿನಲ್ಲಿ ಬರುವವರು ಹಂಪನಕಟ್ಟೆಯ ಹತ್ತಿರ ಇಳಿದರೆ ಎಲ್ಲವೂ ಸಮೀಪ.

ಬೋಳಾರದ ರೊಸಾರಿಯೊ ಕೆಥೆಡ್ರಲ್‌ನಿಂದ ಆರಂಭಿಸಿ. ಪೋರ್ಚುಗೀಸರು 1568ರಲ್ಲಿ ಕಟ್ಟಿದ ಇಗರ್ಜಿಯ ಜಾಗ ಇದು, ಈಗಿನ ಗುಮ್ಮಟದ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಹಳೆಯ ಕಾಲದ್ದಾಗಿ ಉಳಿದಿರುವುದು ಪೋರ್ಚುಗೀಸ್ ರಾಜಲಾಂಛನ ಕೆತ್ತಿದ ಒಂದು ಕಲ್ಲು, ಅದನ್ನು ಕೇಳಿ ನೋಡಿ. ಹಂಪನಕಟ್ಟೆಯ ಮಿಲಾಗ್ರಿಸ್‌ಗೆ 1680ರಲ್ಲಿ ಅಡಿಪಾಯ ಹಾಕಿದವರು ಗೋವೆ ಮೂಲದ ಬಿಷಪ್ ತೋಮಾಸ್ ದೆ ಕಾಸ್ತ್ರೊ. ಆಗ ಈ ಸೀಮೆ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಬಿಷಪರ ಸಮಾಧಿ ಇಲ್ಲಿಯೇ ಇದೆ. ಈಗಿನ ಕಟ್ಟಡ 1911ರದು. ಈ ಎರಡು ಕಡೆ ಹೆಚ್ಚು ಹೊತ್ತು ಬೇಡ. ಸುತ್ತ ಪೇಟೆಯ ಗದ್ದಲ, ಕೂರಲು ನೆರಳು ಕಡಿಮೆ.

ಹೊತ್ತನ್ನು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಉಳಿಸಿಕೊಳ್ಳಿ. ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟವರು ಮಾತು ನಿಲ್ಲಿಸುತ್ತಾರೆ, ನಮ್ಮ ವಾಡೆಯ ಹೆಂಗಸರೂ ನಿಲ್ಲಿಸಿದ್ದಾರೆಂದರೆ ನೀವೇ ಊಹಿಸಿ. ಗೋಡೆ, ಕಮಾನು, ಸೂರು, ಎಲ್ಲಿಯೂ ಬರಿದು ಜಾಗವಿಲ್ಲದಂತೆ ಚಿತ್ರ. ಇದನ್ನು ಬರೆದವರು ಇಟಲಿಯ ಬೆರ್ಗಮೊ ಪಕ್ಕದ ಸ್ತೆಜಾನೊ ಊರಿನ, ಯೇಸುಸಭೆಯ (ಜೆಸ್ವಿಟ್) ಸಹೋದರ ಅಂತೋನಿಯೊ ಮೊಸ್ಕೆನಿ. 1899ರಲ್ಲಿ ಕೈಹಚ್ಚಿ ಎರಡೂವರೆ ವರ್ಷದೊಳಗೆ ಮುಗಿಸಿದರು. ಸೂರಿನ ಚಿತ್ರಗಳು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಗೋಡೆಯವು ಫ್ರೆಸ್ಕೊ, ಅಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ತಿದ್ದುವ ಮಾತಿಲ್ಲ, ಆ ದಿನಕ್ಕೆ ಎಷ್ಟು ಮುಗಿಸಬಲ್ಲರೋ ಅಷ್ಟಕ್ಕೇ ಗಾರೆ ಹಚ್ಚಬೇಕು. ಮೊಗ್ಗು ಕೊಯ್ಯುವವರಿಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಬಿಸಿಲೇರಿ ಮೊಗ್ಗು ಬಿರಿದರೆ ಅಂದಿನ ಕೆಲಸ ಅಲ್ಲಿಗೆ ಮುಗಿಯಿತು. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ವಯಸ್ಸು ಐವತ್ತರ ಆಸುಪಾಸು.

ನೋಡುವ ಕ್ರಮ ಹೀಗೆ. ಮೊದಲು ಹಿಂದಿನ ಬೆಂಚಿನಲ್ಲಿ ಕುಳಿತು ತಲೆಯೆತ್ತಿ ಸೂರಿನ ನಡುವಿನ ಸಾಲನ್ನು ನೋಡಿ, ಅದು ಅಲೋಶಿಯಸರ ಬದುಕು. ಶ್ರೀಮಂತ ಮನೆಯನ್ನು ಬಿಟ್ಟು ಬಂದ ಹುಡುಗ, ರೋಮಿನಲ್ಲಿ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಾ ತಾನೂ ಸೋಂಕಿಗೆ ಸಿಕ್ಕು 1591ರಲ್ಲಿ, 23ರ ಪ್ರಾಯದಲ್ಲಿ ತೀರಿಕೊಂಡವನು. ಆಮೇಲೆ ಸೂರಿನ ಇಳಿಜಾರಿನ ಭಾಗದಲ್ಲಿರುವ ಪ್ರೇಷಿತರು, ಅಂದರೆ ಯೇಸುವಿನ ಶಿಷ್ಯರು, ಕೊನೆಗೆ ಗೋಡೆಗಳು. ಕತ್ತು ನೋಯುತ್ತದೆ, ನಡುನಡುವೆ ಕಣ್ಣು ಮುಚ್ಚಿ ಕೂರಿ. ಅಲೋಶಿಯಸರ ಹೂವು ಬಿಳಿಯ ಲಿಲಿ, ಅದನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಕೊಡಿ. ಒಳಗೆ ಮೊಬೈಲ್ ತೆಗೆಯಬೇಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಬಾಗಿಲು ತಟ್ಟಬೇಡಿ, ಬೆಳಿಗ್ಗೆ ಹತ್ತೂವರೆಯ ಬೆಳಕು ಒಳ್ಳೆಯದು.

ಅಲ್ಲಿಂದ ಬಲ್ಮಠದ ಕಡೆಗೆ. ನಮ್ಮ ಕಥೋಲಿಕ ಗುಂಪುಗಳು ಸಾಮಾನ್ಯವಾಗಿ ಇದನ್ನು ಬಿಟ್ಟು ಮುಂದೆ ಹೋಗುತ್ತವೆ, ಅದು ಪ್ರೊಟೆಸ್ಟೆಂಟರ ಇಗರ್ಜಿ ಎಂದು. ನನಗೆ ಆ ಸಣ್ಣತನ ಹಿಡಿಸುವುದಿಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಮಿಷನ್ನಿನವರು ನೆಲೆಯೂರಿದ ಗುಡ್ಡ ಇದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್, ಕನ್ನಡ ನಿಘಂಟು ಮಾಡಿದ ಫರ್ಡಿನೆಂಡ್ ಕಿಟೆಲ್, ಇಬ್ಬರೂ ಈ ಮಿಷನ್ನಿನವರೇ. ಆ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿನ ಮುದ್ರಣಾಲಯದಲ್ಲಿ. ಶಾಂತಿ ಕೆಥೆಡ್ರಲ್‌ನಲ್ಲಿ ನಮ್ಮಲ್ಲಿರುವಂಥ ಪ್ರತಿಮೆಗಳ ಸಾಲಿಲ್ಲ, ಕಣ್ಣಿಗೆ ಮೊದಲು ಖಾಲಿಯೆನಿಸುತ್ತದೆ. ಐದು ನಿಮಿಷ ಕುಳಿತರೆ ಆ ಖಾಲಿಯೇ ಹಿತವಾಗುತ್ತದೆ. ಹೊರಗೆ ದೊಡ್ಡ ಮರಗಳಿವೆ. ಬುತ್ತಿ ಬಿಚ್ಚುವ ಮೊದಲು ಅಲ್ಲಿನವರನ್ನು ಒಂದು ಮಾತು ಕೇಳಿ.

ಕಂಕನಾಡಿಯಲ್ಲಿ ಜರ್ಮನಿಯ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಮದ್ದು ಹಂಚಲು ಆರಂಭಿಸಿದ್ದು ಒಂದು ಆಲದ ಮರದಡಿ ಎನ್ನುತ್ತಾರೆ. ಅದರ ಮುಂದುವರಿಕೆಯೇ ಈಗಿನ ದೊಡ್ಡ ಆಸ್ಪತ್ರೆ. ಬಿಕರ್ನಕಟ್ಟೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಕಾರ್ಮೆಲ್ ಗುಡ್ಡದ ಮೇಲೆ ಗಾಳಿ ಬೀಸುತ್ತದೆ, ಬಾಲಯೇಸುವಿನ ಮುಂದೆ ಹೆಚ್ಚಾಗಿ ಮಕ್ಕಳಿಲ್ಲದವರು, ಪರೀಕ್ಷೆ ಬರೆಯುವವರು, ವೀಸಾಕ್ಕೆ ಕಾದವರು ಕುಳಿತಿರುತ್ತಾರೆ. ಮೂಲ ಪ್ರತಿಮೆ ಪ್ರಾಗ್ ನಗರದಲ್ಲಿದೆ, 1628ರಲ್ಲಿ ಒಬ್ಬ ಕುಲೀನ ಮನೆತನದ ಹೆಂಗಸು ಅಲ್ಲಿನ ಕಾರ್ಮೆಲ್ ಎಂಬ ಸಂನ್ಯಾಸಿಸಭೆಯ ಮಠಕ್ಕೆ ಕೊಟ್ಟದ್ದು.

ಸಮಯ ಮಿಕ್ಕರೆ ಬಂಟ್ವಾಳದ ರಸ್ತೆಯಲ್ಲಿ ಫರಂಗಿಪೇಟೆ, ನೇತ್ರಾವತಿಯ ದಡದ ಮೊಂತೆ ಮರಿಯಾನೊ. ಇದನ್ನು ನಾನು ಯಾತ್ರೆಗೆ ಸೇರಿಸುವುದು ಫೆಬ್ರವರಿಯಲ್ಲಲ್ಲ, ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹಿಂದಿನ ವಾರದಲ್ಲಿ. ತೆನೆಹಬ್ಬವನ್ನು ಮರಿಯಮ್ಮನ ಹುಟ್ಟುಹಬ್ಬಕ್ಕೆ ಜೋಡಿಸಿ ಇಲ್ಲಿಂದ ಆರಂಭಿಸಿದ್ದು 1763ರಲ್ಲಿ ಫಾದರ್ ಜೊವಾಕಿಂ ಮಿರಾಂದ ಎಂದು ಪ್ರತೀತಿ. ಆಗಸ್ಟ್ 30ರಿಂದ ಒಂಬತ್ತು ದಿನ ಕರಾವಳಿಯ ಎಲ್ಲ ಇಗರ್ಜಿಗಳಲ್ಲಿ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲಮರಿಯಮ್ಮನಿಗೆ ಎಸೆಯುತ್ತಾರೆ. ಆ ಬುಟ್ಟಿಯಲ್ಲಿ ಮಲ್ಲಿಗೆ ಇರುವುದಿಲ್ಲ, ದಾಸವಾಳ, ಗೊಂಡೆ, ಅಬ್ಬಲಿಗೆ, ರತ್ನಗಂಧಿ, ಬೇಲಿಯ ಯಾವುದೋ ಹಳದಿ ಹೂವು, ಕೊನೆಗೆ ಸಾಲದಾಗ ಕ್ರೋಟನ್ ಎಲೆ. ನೀವು ತೋಟಗಳ ಯಾತ್ರೆ ಮಾಡಬೇಕೆಂದಿದ್ದರೆ ಮಕ್ಕಳ ಬುಟ್ಟಿಗಿಂತ ದೊಡ್ಡ ತೋಟ ಇಲ್ಲ. ಇಡೀ ಊರಿನ ಅಂಗಳಗಳಲ್ಲಿ ಏನು ಬೆಳೆಯುತ್ತದೆಂದು ಅದರಲ್ಲಿ ಕಾಣುತ್ತದೆ.

ಮಂಗಳೂರಿನಿಂದ ಬೆತ್ಲೆಹೇಮಿಗೆ ಹೋದವಳು

ನಮ್ಮ ಉಡುಪಿ–ಮಂಗಳೂರಿನ ಬಹಳ ಮನೆಗಳಂತೆ ನಮ್ಮ ಮನೆಯಲ್ಲಿಯೂ ಒಬ್ಬರು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ, ನನ್ನ ತಂಗಿಯ ಮಗಳು. ಅವಳ ದೆಸೆಯಿಂದ 2019ರಲ್ಲಿ ನಾನು ಒಂದು ಗುಂಪಿನ ಜೊತೆ ಪವಿತ್ರ ನಾಡಿಗೆ ಹೋಗಿದ್ದೆ. ಯೇಸುಸ್ವಾಮಿ ಸೆರೆಸಿಕ್ಕ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನೆಯ ತೋಟಕ್ಕೆ ಪ್ರವಾಸದವರು ಕೊಟ್ಟದ್ದು ಹದಿನೈದು ನಿಮಿಷ, ಅಂಗಡಿಗೆ ಒಂದು ಗಂಟೆ. ನೀವು ಹೋಗುವ ಕಾಲ ಬಂದರೆ ಹಣ ಕಟ್ಟುವ ಮೊದಲೇ ಗೆತ್ಸೆಮನೆಯಲ್ಲಿ ಎಷ್ಟು ಹೊತ್ತು ಎಂದು ಕೇಳಿ, ಬರೆಸಿಕೊಳ್ಳಿ.

ಗೆತ್ಸೆಮನೆ ಎಂದರೆ ಎಣ್ಣೆಯ ಗಾಣ. ಅಲ್ಲಿ ಎಂಟು ಹಳೆಯ ಆಲಿವ್ ಮರಗಳಿವೆ, ಬೇಲಿಯ ಸುತ್ತ ನಡೆದು ನೋಡಬೇಕು, ಒಳಗೆ ಬಿಡುವುದಿಲ್ಲ. ಮುಟ್ಟಲು ಸಿಗಲಿಲ್ಲವೆಂದು ನನಗೆ ಬೇಸರವಾಗಿತ್ತು. ಇಟಲಿಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದಂತೆ, ಕಾಂಡದ ವಯಸ್ಸು ಹೇಳಲು ಸಾಧ್ಯವಾದ ಮೂರು ಮರಗಳು ಸುಮಾರು 900 ವರ್ಷದವು. ಎಂಟೂ ಮರಗಳು ಒಂದೇ ತಾಯಿಮರದ ಕೊಂಬೆಗಳಿಂದ ಬೆಳೆಸಿದವು. ಇದನ್ನು ಕೇಳಿ ನಮ್ಮ ಗುಂಪಿನವರ ಮುಖ ಬಾಡಿತು, ಯೇಸುಸ್ವಾಮಿ ಕಂಡ ಮರಗಳಲ್ಲವೇ ಎಂದು. ನನಗೆ ಹಾಗೆನಿಸಲಿಲ್ಲ. ನಮ್ಮ ಮಲ್ಲಿಗೆಯೂ ಬೀಜದಿಂದ ಬರುವುದಿಲ್ಲ. ನನ್ನ ಅಂಗಳದ ಗಿಡ ಅಮ್ಮನ ಅಂಗಳದ ಗೆಲ್ಲು, ಅದು ಅಜ್ಜಿಯ ಅಂಗಳದ ಗೆಲ್ಲು. ಅಜ್ಜಿ ಕೊಯ್ದ ಗಿಡ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ, ಸುಳ್ಳು ಹೇಳಿದಂತೆ ಎಂದೂ ಅನಿಸಿಲ್ಲ. ಆ ಆಲಿವ್ ತಾಯಿ ಯಾವ ಕಾಲದವಳೆಂದು ಕೇಳುತ್ತಾ ಹೋಗುವ ಗೊಡವೆ ನನಗೆ ಬೇಡವೆನಿಸಿತು.

ಪಕ್ಕದ ಇಗರ್ಜಿ 1924ರದ್ದು. ಕಿಟಕಿಗಳಿಂದ ಬೆಳಕು ಮಬ್ಬಾಗಿ ಬರುವಂತೆ ಬೇಕೆಂದೇ ಮಾಡಿದ್ದಾರೆ, ಆ ರಾತ್ರಿಯ ನೆನಪಿಗೆ. ಜೆರುಸಲೇಮಿನ ಹಳೆಯ ಪೇಟೆಯ ದಮಸ್ಕದ ಬಾಗಿಲಿನ ಹೊರಗೆ ಪ್ರೊಟೆಸ್ಟೆಂಟರು ನೋಡಿಕೊಳ್ಳುವ ಸಮಾಧಿ ತೋಟವೂ ಇದೆ. ಪುನರುತ್ಥಾನದ ಜಾಗ ಅದೋ, ಹಳೆಯ ಪೇಟೆಯ ದೊಡ್ಡ ಇಗರ್ಜಿಯೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಕಥೋಲಿಕಳಾಗಿ ನನ್ನ ಉತ್ತರ ಗೊತ್ತೇ ಇದೆ. ಆದರೆ ಕೂರಲು ಬೆಂಚು, ನೆರಳು, ಸದ್ದಿಲ್ಲದ ಗಿಡಗಳು ಸಿಕ್ಕಿದ್ದು ಆ ತೋಟದಲ್ಲಿ. ಮಗ್ದಲದ ಮರಿಯಾ ಪುನರುತ್ಥಾನಗೊಂಡ ಸ್ವಾಮಿಯನ್ನು ಮೊದಲು ತೋಟದ ಮಾಲಿಯೆಂದು ತಿಳಿದಳೆಂದು ಯೊವಾನ್ನನ ಶುಭಸಂದೇಶದಲ್ಲಿದೆ. ಪ್ರಸಂಗಗಳಲ್ಲಿ ಇದನ್ನು ಅವಳ ಕಣ್ಣೀರಿನ ತಪ್ಪೆಂದು ಹೇಳುತ್ತಾರೆ. ಮಣ್ಣಾದ ಕೈ ಕಂಡಿರಬೇಕು ಎಂದು ನನ್ನ ಗುಮಾನಿ.

ಬೆತ್ಲೆಹೇಮಿನಲ್ಲಿ ನಮ್ಮ ಗುಂಪಿನ ಪಟ್ಟಿಯಲ್ಲಿಲ್ಲದ ಒಂದು ಜಾಗಕ್ಕೆ ನಾನು ಹಟಮಾಡಿ ಹೋದೆ, ಕನ್ಯಾಸ್ತ್ರೀಯರ ಕಾರ್ಮೆಲ್ ಮಠ. ಅದನ್ನು 1875ರಲ್ಲಿ ಸ್ಥಾಪಿಸಲು ಬಂದವರಲ್ಲಿ ಒಬ್ಬಳು ಗಲಿಲೇಯದ ಇಬಿಲಿನ್ ಊರಿನ ಮರಿಯಂ ಬವಾರ್ದಿ. ಅದಕ್ಕೆ ಮೊದಲು ಅವಳು ಇದ್ದದ್ದು ಎಲ್ಲಿ? ನಮ್ಮ ಮಂಗಳೂರಿನಲ್ಲಿ. 1870ರಲ್ಲಿ ಇಲ್ಲಿ ಕಾರ್ಮೆಲ್ ಮಠ ಆರಂಭಿಸಲು ಬಂದ ಗುಂಪಿನಲ್ಲಿದ್ದು, 1871ರ ನವೆಂಬರ್ 21ರಂದು ಇಲ್ಲಿಯೇ ವ್ರತ ತೆಗೆದುಕೊಂಡು, ಮರುವರ್ಷ ಫ್ರಾನ್ಸಿಗೆ ಮರಳಿದಳು. ಓದು ಬಾರದವಳು, ಗಿಡ್ಡಗಿನ ಹೆಣ್ಣು. 1878ರಲ್ಲಿ ಮಠ ಕಟ್ಟುತ್ತಿದ್ದ ಕೆಲಸದವರಿಗೆ ಬಿಸಿಲಲ್ಲಿ ನೀರು ಒಯ್ಯುವಾಗ ಬಿದ್ದು, ಕೈ ಮುರಿದು, ಅದು ಕೊಳೆತು ತೀರಿಕೊಂಡಳು. ವಯಸ್ಸು ಮೂವತ್ತೆರಡು. 2015ರ ಮೇ 17ರಂದು ಅವಳನ್ನು ಸಂತಳೆಂದು ಸಾರಿದರು. ಮಂಗಳೂರಿನವರೇ ಬಹಳ ಜನಕ್ಕೆ ಇದು ಗೊತ್ತಿಲ್ಲ. ಹಾಗಾಗಿ ಮಂಗಳೂರಿನ ದಿನದ ಕೊನೆಗೆ, ಕಂಕನಾಡಿಯ ಕಾರ್ಮೆಲ್ ಮಠದ ಬಾಗಿಲಲ್ಲಿ ನಾನು ಟೆಂಪೊ ನಿಲ್ಲಿಸುತ್ತೇನೆ. ಅದು ಏಕಾಂತವಾಸದ ಮಠ, ಕನ್ಯಾಸ್ತ್ರೀಯರನ್ನು ನೋಡಲು ಹೋಗಬಾರದು, ಪ್ರಾರ್ಥನಾಲಯದಲ್ಲಿ ಕುಳಿತು ಎದ್ದು ಬರಬೇಕು. ಹೂವು ಬಾಡಿದ್ದರೂ ಉಳಿದ ಒಂದು ಚೆಂಡನ್ನು ಅಲ್ಲಿಯೇ ಕೊಡುವುದು, ನೀರು ಒಯ್ದವಳ ಲೆಕ್ಕಕ್ಕೆ.

ಆರೂವರೆಯೊಳಗೆ ಹೊರಟುಬಿಡಿ. ನಂತೂರಿನ ವೃತ್ತ ದಾಟುವುದೇ ಸಂಜೆ ಒಂದು ಶಿಲುಬೆ ಹಾದಿ. ಮೂಲ್ಕಿಯ ಹೊತ್ತಿಗೆ ಜಪಸರ ಮುಗಿದಿರುತ್ತದೆ, ಪಡುಬಿದ್ರಿಯ ಹೊತ್ತಿಗೆ ಅರ್ಧ ಟೆಂಪೊ ನಿದ್ದೆಯಲ್ಲಿರುತ್ತದೆ. ಅಕ್ಕ ಮಾತ್ರ ಎಚ್ಚರ, ಅತ್ತೂರಿನ ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿದೆಯೇ ಎಂದು ಚೀಲ ಮುಟ್ಟಿ ನೋಡುತ್ತಿರುತ್ತಾರೆ. ಕಟಪಾಡಿಯಲ್ಲಿ ತಿರುಗುವಾಗ ನಾನು ಎಲ್ಲರನ್ನೂ ಎಬ್ಬಿಸುತ್ತೇನೆ. ಚಳಿಯಾದರೂ ನಾಳೆ ನಾಲ್ಕು ಮೊಗ್ಗು ಬಂದಿದ್ದರೆ ಬೆಳಕು ಹರಿಯುವ ಮೊದಲು ಕೊಯ್ಯಬೇಕಲ್ಲ.